ಮೋಟಾರಿನ ಮೂರು ಬೊಟ್ಟು

ಕೋಣಂದೂರು
6 ಜನವರಿ 2025

ರಿಪೋರ್ಟಿಗೆ ಸಹಿ ಹಾಕಿದ ಶ್ಯಾಮಲಾ ಮೇಡಂ ಅವರಿಗೆ,

ಕ್ಷೇಮ ಸಮಾಚಾರ ವಿಚಾರಿಸುವಷ್ಟು ವ್ಯವಧಾನ ಸದ್ಯಕ್ಕೆ ನನಗಿಲ್ಲ. ತಪ್ಪು ತಿಳಿಯಬೇಡಿ. ತಿಳಿದರೂ ಅಡ್ಡಿಯಿಲ್ಲ.

ನಾನು ಗಿರಿಯಪ್ಪ. ಇಲ್ಲಿನ ಗೌಡರ ಅಕ್ಕಿ ಮಿಲ್ಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ದೊಡ್ಡ ಮೋಟಾರ್ ನೋಡಿಕೊಳ್ಳುತ್ತಿದ್ದವನು. ಈಗ ಚೀಲ ಹೊಲಿಯುತ್ತಿದ್ದೇನೆ. ಯಾಕೆ ಅಂತೀರಾ? ನಿಮ್ಮಿಂದಲೇ.

ಡಿಸೆಂಬರ್ ಇಪ್ಪತ್ತನೇ ತಾರೀಕು ಶುಕ್ರವಾರ ನೀವು ವಿಮೆಯ ತಪಾಸಣೆಗೆ ಎಂದು ಬಿಸಿ ಅಳೆಯುವ ಕ್ಯಾಮರಾ ಹಿಡಿದುಕೊಂಡು ನಮ್ಮ ಮಿಲ್ಲಿಗೆ ಬಂದಿದ್ದಿರಿ. ಮೋಟಾರ್ ರೂಮಿನ ಬಾಗಿಲಲ್ಲಿ ಖಾಕಿ ಅಂಗಿ ಹಾಕಿ ನಿಂತಿದ್ದವನೇ ನಾನು. "ಮೇಡಂ, ಇದು ಭಾರೀ ಕಾಯ್ತಾ ಇದೆ, ಒಂದ್ಸಲ ಕೈ ಇಟ್ಟು ನೋಡಿ" ಅಂದೆ. ನೀವು ನಕ್ಕಿರಿ. "ಕೈ ಇಡಬಾರದು ಅಂತಲೇ ಅಲ್ವಾ ಈ ಕ್ಯಾಮರಾ ಮಾಡಿರೋದು" ಅಂದಿರಿ. ಐದು ನಿಮಿಷವೂ ನಿಲ್ಲಲಿಲ್ಲ, ಹೊರಟೇಹೋದಿರಿ.

ನನಗೆ ಮೋಟಾರ್ ನೋಡುವುದನ್ನು ಕಲಿಸಿದವರು ದೊಡ್ಡ ಗೌಡ್ರು ಮುಕುಂದಯ್ಯನವರು. ಅಂಗೈ ಇಡಬಾರದು, ಶಾಕ್ ಹೊಡೆದರೆ ಮುಷ್ಟಿ ಬಿಗಿಯುತ್ತದೆ. ಕೈ ತಿರುಗಿಸಿ ಹಿಂಗೈ ಇಡಬೇಕು. ಪುಲ್ಲಿಯ ಕಡೆಯ ಮುಚ್ಚಳದ ಮೇಲೆ, ಒಳಗೆ ಬೇರಿಂಗ್ ಕೂತಿರುವ ಜಾಗದಲ್ಲಿ ಇಟ್ಟು ಎಣಿಸಬೇಕು. ನಮ್ಮ ಮೋಟಾರಿಗೆ ಹನ್ನೆರಡು ಎಣಿಸುವವರೆಗೆ ಕೈ ಇಡಬಹುದಿತ್ತು. ದೀಪಾವಳಿ ಹೊತ್ತಿಗೆ ಅದು ಎಂಟಾಯಿತು, ಆಮೇಲೆ ಮೂರಾಯಿತು. ನೀವು ಬಂದ ವಾರ 'ಒಂದು' ಅನ್ನುವುದರೊಳಗೆ ಕೈ ತಾನಾಗಿ ಹಿಂದೆ ಬರುತ್ತಿತ್ತು. ಬೇರಿಂಗ್ ಬದಲಾಯಿಸಿ ಎಂದು ಬಾಯಿ ನೋಯುವಷ್ಟು ಹೇಳಿದೆ. ಸುಗ್ಗಿ ಮುಗಿಯಲಿ ಎಂದರು ಚಿಕ್ಕ ಗೌಡ್ರು ಪೂರ್ಣೇಶ್. ಅಲ್ಲಿಯವರೆಗೆ ಅದು ಉಳಿಯಲಿ ಎಂದು ದಿನಕ್ಕೆ ನಾಲ್ಕು ಸಲ ನಿಲ್ಲಿಸಿ ತಣಿಸುತ್ತಿದ್ದೆ.

ಅಷ್ಟರಲ್ಲಿ ನಿಮ್ಮ ರಿಪೋರ್ಟು ಬಂತು. ಅರವತ್ತೇಳು ಡಿಗ್ರಿ, ಮಿತಿಯೊಳಗಿದೆ. ಚಿಕ್ಕ ಗೌಡ್ರು ಎಲ್ಲರೆದುರಿಗೆ ಓದಿ, "ಗಿರಿಯಪ್ಪ, ನಿನ್ನ ಕೈಗೆ ವಯಸ್ಸಾಯ್ತು ಮಾರಾಯ" ಅಂದರು. ನನ್ನ ಜಾಗಕ್ಕೆ ನನ್ನ ಹೆಂಡತಿಯ ತಮ್ಮ ಶಿವುನನ್ನೇ ಹಾಕಿದ್ದಾರೆ. ಏನೇ ಆಗಲಿ ಮೋಟಾರ್ ನಿಲ್ಲಿಸಕೂಡದು ಎಂದು ಅವನಿಗೆ ಕಟ್ಟಪ್ಪಣೆ.

ಫೋನ್ ಮಾಡಬೇಡಿ. ಮೋಟಾರ್ ಪಕ್ಕದಲ್ಲೇ ಕೂತು ಕೂತು ನನ್ನ ಎರಡೂ ಕಿವಿ ಮಂದ, ಫೋನಿನ ಮಾತು ನನಗೆ ತಿಳಿಯುವುದಿಲ್ಲ. ಕೈಗೆ ಮಾತ್ರ ಏನೂ ಆಗಿಲ್ಲ. ಇನ್ನೊಮ್ಮೆ ಬಂದು ನೋಡಿ, ಸರಿಯಾಗಿ ಬರೆದುಕೊಡಿ. ಅಷ್ಟೇ ನಾನು ಕೇಳುವುದು.

ಗಿರಿಯಪ್ಪ

*

ಸಾಗರ
14 ಜನವರಿ 2025

ಶ್ರೀ ಗಿರಿಯಪ್ಪನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ನೀವು ಕೋಪದಲ್ಲಿ ಬರೆದಿದ್ದೀರಿ, ಆದರೂ ಉತ್ತರ ಕೊಡುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ಬಿಸಿಯಾದ ಪ್ರತಿ ವಸ್ತುವಿನಿಂದಲೂ ಕಣ್ಣಿಗೆ ಕಾಣದ ಕಿರಣಗಳು ಹೊರಡುತ್ತವೆ. ನಮ್ಮ ಕ್ಯಾಮರಾ ಅವನ್ನು ಹಿಡಿದು ಬಣ್ಣದ ಚಿತ್ರವಾಗಿ ತೋರಿಸುತ್ತದೆ. ತಣ್ಣಗಿದ್ದರೆ ನೀಲಿ, ಬಿಸಿ ಏರಿದಂತೆ ಹಸಿರು, ಹಳದಿ, ಕೊನೆಗೆ ಬಿಳಿ. ಯಂತ್ರವನ್ನು ನಿಲ್ಲಿಸದೆ, ಮುಟ್ಟದೆ, ಕೆಡುವ ಮೊದಲೇ ದೋಷ ಹಿಡಿಯಬಹುದು. ಮನುಷ್ಯರ ಕೈ ಇವತ್ತು ಒಂದು ಹೇಳಬಹುದು, ನಾಳೆ ಇನ್ನೊಂದು. ನಿಮಗೆ ಸಮಾಧಾನವಾಗಲಿ ಎಂದು ನಿಮ್ಮ ಮೋಟಾರಿನ ಬಣ್ಣದ ಚಿತ್ರವನ್ನು ಜೊತೆಗಿಟ್ಟಿದ್ದೇನೆ. ಮಿಲ್ಲಿನಲ್ಲಿ ನಿಮಗೆ ತೋರಿಸಿದ್ದು ಬಹುಶಃ ಕಪ್ಪು ಬಿಳುಪು ಜೆರಾಕ್ಸ್ ಇರಬೇಕು.

ನಿಮ್ಮ ಕೆಲಸ ಬದಲಾದ ವಿಷಯ ತಿಳಿದು ವಿಷಾದವಾಯಿತು. ಆದರೆ ಅದು ನನ್ನ ವರದಿಯ ವ್ಯಾಪ್ತಿಗೆ ಬರುವುದಿಲ್ಲ.

ಮನೆಯವರಿಗೆಲ್ಲ ಸಂಕ್ರಾಂತಿಯ ಶುಭಾಶಯಗಳು.

ಇತಿ,
ಶ್ಯಾಮಲಾ

*

ಕೋಣಂದೂರು
20 ಜನವರಿ 2025

ಶ್ಯಾಮಲಾ ಮೇಡಂ ಅವರಿಗೆ,

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಅನ್ನುತ್ತಾರೆ. ಪ್ರಯತ್ನಪಡುತ್ತೇನೆ.

ಚಿತ್ರವನ್ನು ನಾಲ್ಕು ದಿನ ಜೇಬಲ್ಲಿಟ್ಟುಕೊಂಡು ಓಡಾಡಿದೆ. ಚೀಲ ಹೊಲಿಯುವಾಗ ತೆಗೆದು ನೋಡುವುದು, ಮತ್ತೆ ಮಡಿಸುವುದು. ಮೊದಲು ನೋಡಿದಾಗ ನಗು ಬಂತು, ನಮ್ಮ ಮೋಟಾರಿಗೆ ಹೋಳಿ ಆಡಿಸಿದ ಹಾಗಿತ್ತು. ಮೈಯೆಲ್ಲ ಹಸಿರು. ಬೇರಿಂಗ್ ಮುಚ್ಚಳದ ಮೇಲೆ ಮಾತ್ರ ಮೂರು ಬಿಳಿ ಚುಕ್ಕೆ, ಸಾಲಾಗಿ. ಪಕ್ಕದಲ್ಲಿ ನೀವು 'ಬಲ್ಬಿನ ಪ್ರತಿಫಲನ, ಪರಿಗಣಿಸಿಲ್ಲ' ಎಂದು ಬರೆದಿದ್ದೀರಿ.

ಮೇಡಂ, ಅದು ಬಲ್ಬಲ್ಲ. ನನ್ನ ಹೆಂಡತಿ ಮಾಸ್ತಮ್ಮ ಪ್ರತಿ ಶುಕ್ರವಾರ ಗಂಧ ತೇಯ್ದು, ಕುಂಕುಮದ ಜೊತೆ ಬಾಳೆ ಎಲೆಯಲ್ಲಿ ಕಟ್ಟಿಕೊಡುತ್ತಾಳೆ. ನಾನು ಮೋಟಾರ್ ಶುರು ಮಾಡುವ ಮೊದಲು ಮುಚ್ಚಳದ ಮೇಲೆ ಮೂರು ಬೊಟ್ಟು ಇಡುತ್ತೇನೆ. ನೀವು ಬಂದದ್ದು ಶುಕ್ರವಾರ. ಚಿತ್ರವನ್ನು ಮಾಸ್ತಮ್ಮನಿಗೆ ತೋರಿಸಿದೆ. "ಅಯ್ಯೋ, ಇದು ನಾವಿಟ್ಟ ಬೊಟ್ಟಲ್ವಾ!" ಎಂದು ಅವಳೂ ಗುರುತು ಹಿಡಿದಳು.

ನಾನು ಏಳನೇ ಕ್ಲಾಸು. ನನ್ನ ದಡ್ಡತನ ಕ್ಷಮಿಸಿ, ಒಂದೇ ಪ್ರಶ್ನೆ. ಬಿಳಿ ಎಂದರೆ ಅತೀ ಬಿಸಿ ಎಂದು ನೀವೇ ಬರೆದಿದ್ದೀರಿ. ಬೊಟ್ಟಿಗೆ ಸ್ವಂತ ಬಿಸಿ ಎಲ್ಲಿಂದ ಬರಬೇಕು? ಮೋಟಾರಿನ ಬಿಸಿಯೇ ಅದರ ಬಿಸಿ. ಮೈ ಹಸಿರಾಗಿದ್ದು ಬೊಟ್ಟು ಬಿಳಿಯಾಗುವುದು ಹೇಗೆ? ಇನ್ನೊಂದು, ಅರವತ್ತೇಳು ಡಿಗ್ರಿ ಎಂದರೆ ಬಿಸಿ ಕಾಫಿಯ ಲೋಟ. ಅದನ್ನು ನಾನು ಎರಡು ಮೂರು ಎಣಿಸುವವರೆಗೆ ಹಿಡಿಯಬಲ್ಲೆ. ಈ ಮೋಟಾರನ್ನು ಒಂದಕ್ಕೂ ಮುಟ್ಟಲಾಗುತ್ತಿರಲಿಲ್ಲ.

ಬೇಗ ಉತ್ತರ ಬರೆಯಿರಿ. ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ.

ಗಿರಿಯಪ್ಪ

*

ಕೋಣಂದೂರು
3 ಫೆಬ್ರವರಿ 2025

ಮೇಡಂ,

ಹದಿನಾಲ್ಕು ದಿನವಾಯಿತು. ಪೋಸ್ಟ್‌ಮ್ಯಾನ್ ಯೋಗರಾಜ್ ನನ್ನನ್ನು ಕಂಡರೆ ಸೈಕಲ್ಲಿನ ಮೇಲಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ. ಅವನಿಗೂ ಬೇಜಾರು ಬಂದಿದೆ.

ಚೀಲ ಹೊಲಿಯುವ ಜಾಗದಿಂದ ಮೋಟಾರ್ ರೂಮಿನ ಬಾಗಿಲು ಕಾಣುತ್ತದೆ. ಐದೈದು ನಿಮಿಷಕ್ಕೆ ಏಳುತ್ತೇನೆ. ನೀರು ಕುಡಿಯುವ ನೆಪ, ದಾರ ತರುವ ನೆಪ. ಕಿವಿ ಕೇಳದಿದ್ದರೇನು, ಗೋಡೆಗೆ ಬೆನ್ನು ಕೊಟ್ಟು ನಿಂತರೆ ಮೋಟಾರಿನ ಅದುರು ಬೆನ್ನಿಗೆ ಬರುತ್ತದೆ. ಅದು ಮೊದಲಿನ ಅದುರಲ್ಲ, ಒಳಗೆ ಏನೋ ಕಡಿಯುತ್ತಿದೆ. ಶಿವುಗೆ ಹೇಳಿದೆ. "ಭಾವ, ನಿಲ್ಸಿದ್ರೆ ನನ್ನೂ ಚೀಲಕ್ಕೆ ಹಾಕ್ತಾರೆ. ನಿಮ್ಗೆ ಕೆಲ್ಸ ಹೋಯ್ತು ಅಂತ ಹೊಟ್ಟೆಕಿಚ್ಚು" ಅಂದ. ಅವನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವನು ನಾನು. ನನಗೆ ಈ ಮಾತು!

ಮನೆಯಲ್ಲಿ ಮಾಸ್ತಮ್ಮ, "ನನ್ನ ತಮ್ಮನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ, ಸುಮ್ನಿರಿ" ಅನ್ನುತ್ತಾಳೆ. ಮರುಕ್ಷಣವೇ, "ಅವ್ನಿಗೇನೂ ಆಗಲ್ಲ ತಾನೇ?" ಎಂದು ಕೇಳುತ್ತಾಳೆ. ಆ ರೂಮಿನ ಮೂಲೆಮೂಲೆಯಲ್ಲೂ ಹೊಟ್ಟಿನ ದೂಳು, ಒಂದು ಕಿಡಿ ಸಾಕು.

ತಪ್ಪಾಗಿದೆ ಎಂದು ಒಪ್ಪಿಕೊಳ್ಳಬೇಡಿ. ಬಂದು ನೋಡಿ, ಸಾಕು.

ಗಿರಿಯಪ್ಪ

*

ಹೊಸನಗರ
7 ಫೆಬ್ರವರಿ 2025

ಗಿರಿಯಪ್ಪನವರಿಗೆ,

ಇಲ್ಲಿನ ಒಂದು ಮರ ಕೊಯ್ಯುವ ಸಾ ಮಿಲ್ಲಿನ ತಪಾಸಣೆಗೆ ಬಂದವಳು ಕೆಲಸ ಅರ್ಧಕ್ಕೆ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಚೆನ್ನಾಗಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ದಡ್ಡತನ ಏನೂ ಇರಲಿಲ್ಲ. ಜನವರಿ ಇಪ್ಪತ್ತಮೂರಕ್ಕೆ ಆ ಪತ್ರ ಬಂತು. ಓದಿದ ಕ್ಷಣದಲ್ಲೇ ಎಲ್ಲಿ ತಪ್ಪಾಯಿತು ಎಂದು ನನಗೆ ಗೊತ್ತಾಯಿತು. ಕೆಲವು ಮೈಗಳು ತಮ್ಮ ಬಿಸಿಯನ್ನು ಕ್ಯಾಮರಾಕ್ಕೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಅಂಥ ಕಡೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ, ಟೇಪಿನ ಬಿಸಿಯನ್ನು ಅಳೆಯಬೇಕು. ತರಬೇತಿಯ ಮೊದಲ ದಿನವೇ ಇದನ್ನು ಹೇಳಿಕೊಡುತ್ತಾರೆ. ಅವತ್ತು ನನ್ನ ಚೀಲದಲ್ಲಿ ಟೇಪ್ ಇತ್ತು. ಸಂಜೆಯೊಳಗೆ ಇನ್ನೂ ಎರಡು ಮಿಲ್ ಮುಗಿಸಬೇಕಿತ್ತು, ತೆಗೆಯಲಿಲ್ಲ. ನೀವಿಟ್ಟ ಬೊಟ್ಟು ಟೇಪಿನ ಕೆಲಸ ಮಾಡಿದೆ. ಮೂಲ ಚಿತ್ರವನ್ನು ಮತ್ತೆ ತೆರೆದು ಬೊಟ್ಟಿನ ಮೇಲೆ ಅಳೆದೆ, ನೂರಮೂರು ಡಿಗ್ರಿ. ಡಿಸೆಂಬರಿನಲ್ಲೇ ನೂರಮೂರು.

ಹದಿನೈದು ದಿನ ಯಾಕೆ ಬರೆಯಲಿಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಸಾಹೇಬರಿಗೆ ಅವತ್ತೇ ಹೇಳಿದೆ. "ರಿಪೋರ್ಟು ವಿಮೆ ಕಂಪನಿಗೆ ಹೋಗಿ ಆಗಿದೆ. ಈಗ ಬಾಯಿ ಬಿಟ್ರೆ ನಾವು ಕೊಟ್ಟ ರಿಪೋರ್ಟೆಲ್ಲ ಯಾರು ನಂಬ್ತಾರೆ? ಸುಗ್ಗಿ ಮುಗಿದ್ಮೇಲೆ ಅವರೇ ಬೇರಿಂಗ್ ಹಾಕ್ತಾರೆ, ಬಿಡಿ" ಅಂದರು. ನಾನು ಬಿಟ್ಟೆ. ಬಿಟ್ಟೆ ಅಂದುಕೊಂಡೆ. ಊಟಕ್ಕೆ ಕೂತರೆ ಆ ಮೂರು ಬಿಳಿ ಚುಕ್ಕೆ ಕಣ್ಣಿಗೆ ಬರುತ್ತವೆ.

ನಿನ್ನೆ ನಿಮ್ಮ ಪತ್ರ ಬಂದ ಮೇಲೆ ಪೂರ್ಣೇಶ್ ಅವರಿಗೆ ಫೋನ್ ಮಾಡಿದೆ. "ಆಯ್ತು ಮೇಡಂ, ಲೆಟರ್ ಕಳ್ಸಿ ನೋಡೋಣ" ಎಂದು ಇಟ್ಟರು. ಅದಕ್ಕೇ ಜೊತೆಗಿಟ್ಟ ಬೇರೆ ಹಾಳೆಯಲ್ಲಿ ಸಹಿ ಮಾಡಿ, ಸೀಲು ಹಾಕಿ ಬರೆದಿದ್ದೇನೆ: ನನ್ನ ವರದಿ ತಪ್ಪು, ಮೋಟಾರನ್ನು ತಕ್ಷಣ ನಿಲ್ಲಿಸಬೇಕು. ಅದನ್ನು ಶಿವು ಅವರ ಕೈಗೆ ಕೊಡಿ. ಬುಧವಾರ ನಾನೇ ಬರುತ್ತೇನೆ.

ಶ್ಯಾಮಲಾ

*

ಕೋಣಂದೂರು
11 ಫೆಬ್ರವರಿ 2025

ನಿಮ್ಮ ಪತ್ರ ಇವತ್ತು ಹನ್ನೊಂದು ಗಂಟೆಗೆ ಬಂತು. ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಬೇರಿಂಗ್ ತಿರುಗದೆ ಹಿಡಿದುಕೊಂಡಿತು. ಕಿಡಿ ಹಾರಿ ಹೊಟ್ಟು ಹೊತ್ತಿಕೊಂಡಿತು. ಶಿವು ಓಡಿಬರಲಿಲ್ಲ, ಸ್ವಿಚ್ ಆರಿಸಲು ಒಳಗೇ ಹೋದ. ಬಲಗೈ ಮೊಣಕೈವರೆಗೆ ಸುಟ್ಟಿದೆ. ತೀರ್ಥಹಳ್ಳಿ ಆಸ್ಪತ್ರೆಯಲ್ಲಿದ್ದಾನೆ.

ನೀವು ಬರುವ ಅಗತ್ಯವಿಲ್ಲ.

ಗಿರಿಯಪ್ಪ

*

ಕಾರ್ಗಲ್
16 ಮಾರ್ಚ್ 2025

ಗಿರಿಯಪ್ಪನವರಿಗೆ,

ಬರಬೇಡಿ ಎಂದು ನೀವು ಬರೆದದ್ದು ನನಗೆ ಸಿಕ್ಕಿದ್ದು ಬಂದು ಹೋದ ಮೇಲೆ. ಮೊದಲೇ ಸಿಕ್ಕಿದ್ದರೂ ಬರುತ್ತಿದ್ದೆ.

ಬುಧವಾರ ಮಿಲ್ಲಿಗೆ ಬಂದಾಗ ನೀವು ಮೋಟಾರ್ ರೂಮಿನ ಬಾಗಿಲಲ್ಲೇ ನಿಂತಿದ್ದಿರಿ, ಡಿಸೆಂಬರಿನಲ್ಲಿ ನಿಂತ ಜಾಗದಲ್ಲೇ. ದಾರಿ ಬಿಟ್ಟಿರಿ, ಅಷ್ಟೇ. ಮೋಟಾರ್ ನೋಡಿದೆ. ಅಲ್ಲಿಂದ ಆಸ್ಪತ್ರೆಗೆ ಹೋದೆ. ಬೆಂಚಿನ ಮೇಲೆ ಕೂತಿದ್ದವರು ಮಾಸ್ತಮ್ಮನವರೇ ಇರಬೇಕು. "ಯಾರ ಕಡೆಯವರಮ್ಮ ನೀವು?" ಎಂದು ಕೇಳಿದರು. "ಮಿಲ್ಲಿನ ಕಡೆಯವಳು" ಎಂದುಬಿಟ್ಟೆ. "ಊಟ ಆಯ್ತಾ, ಮುಖ ಸಣ್ಣಗಾಗಿದೆ" ಎಂದು ತಮ್ಮ ಫ್ಲಾಸ್ಕಿನ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಕುಡಿದೆ. ನಾನು ಯಾರು ಎಂದು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ನೀವಾದರೂ ಹೇಳಿ.

ಹೊಸ ವರದಿ ಬರೆದು ವಿಮೆ ಕಂಪನಿಗೆ ನೇರ ಕಳುಹಿಸಿದೆ. ಬೇರಿಂಗ್ ಬದಲಿಸಲು ನೀವು ದೀಪಾವಳಿಯಿಂದ ಹೇಳುತ್ತಿದ್ದದ್ದನ್ನೂ ಸೇರಿಸಿದೆ. ತಪ್ಪು ಅಳತೆಗೆ ನಾನೊಬ್ಬಳೇ ಹೊಣೆ ಎಂದು ಬರೆದೆ. ಸಾಹೇಬರು ವರದಿ ವಾಪಸ್ ತಗೊ, ಇಲ್ಲ ಕೆಲಸ ಬಿಡು ಎಂದರು. ಬಿಟ್ಟೆ. ಈಗ ಅಪ್ಪನ ಮನೆಯಲ್ಲಿದ್ದೇನೆ. ಅಪ್ಪ ವಿದ್ಯುದಾಗಾರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ರಜೆ ಇನ್ನೆಷ್ಟು ದಿನ ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ. ನಾನು ಜೋಗದವರೆಗೆ ನಡೆದು ಹೋಗಿ ಬರುತ್ತೇನೆ, ಮತ್ತೆ ಹೊರಡುತ್ತೇನೆ. ಮನೆಯಲ್ಲಿ ಕೂರಲು ಆಗುತ್ತಿಲ್ಲ.

ಕೈ ಇಟ್ಟು ನೋಡಿ ಅಂದಿದ್ದಿರಿ. ನಾನು ನಕ್ಕಿದ್ದೆ. ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕ್ಷಮಿಸಿ.

ಶ್ಯಾಮಲಾ

*

ಕೋಣಂದೂರು
3 ಅಕ್ಟೋಬರ್ 2025

ಶ್ಯಾಮಲಮ್ಮ,

ಆರೂವರೆ ತಿಂಗಳು ನಿಮ್ಮ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಕೋಪ ಎಂದುಕೊಂಡಿರುತ್ತೀರಿ. ಮೊದಮೊದಲು ಕೋಪವೇ. ಮಾರ್ಚ್ ಕೊನೆಗೆ ಚಿಕ್ಕ ಗೌಡ್ರು ನನ್ನನ್ನು ಕರೆದು, "ಗಿರಿಯಪ್ಪ, ನಿನ್ ಮಾತು ಕೇಳ್ಬೇಕಿತ್ತು" ಅಂದರು. ಮೋಟಾರ್ ಸಾಗರಕ್ಕೆ ಹೋಗಿ, ಹೊಸ ವೈಂಡಿಂಗ್, ಹೊಸ ಬೇರಿಂಗ್ ಹಾಕಿಸಿಕೊಂಡು ಬಂತು. ನಾನು ಮತ್ತೆ ನನ್ನ ಸ್ಟೂಲಿನಲ್ಲಿ ಕೂತೆ. ಆಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ. ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ ಕ್ಯಾಮರಾ ಸೋತ, ಗಿರಿಯಪ್ಪ ಗೆದ್ದ ಕಥೆ ಹೇಳಿದ್ದೇ ಹೇಳಿದ್ದು. ನಿಮ್ಮ ಹೆಸರನ್ನೂ ಹೇಳಿದೆ. ಅದಕ್ಕೆ ನಾಚಿಕೆಯಾಗಿದೆ.

ಹೋದ ತಿಂಗಳು ವಿಮೆಯವರ ಕಡೆಯಿಂದ ಹೊಸಬರೊಬ್ಬರು ಕ್ಯಾಮರಾ ತಂದರು. ಮೋಟಾರಿನ ಮುಂದೆ ನಿಂತವರೇ, "ಯಾರ್ರೀ ಇದಕ್ಕೆ ಬೆಳ್ಳಿ ಬಣ್ಣ ಬಳಿದದ್ದು? ಹಿಂಗೆ ಹೊಳೆದ್ರೆ ಬಿಸಿ ಹೆಂಗೆ ಗೊತ್ತಾಗ್ಬೇಕು?" ಎಂದು ಬೈದು ಟೇಪ್ ಅಂಟಿಸಿದರು. ಶಿವು ಪಕ್ಕದಲ್ಲೇ ಇದ್ದ. ಈಗ ಅವನಿಗೆ ನನ್ನ ಜೊತೆಯಲ್ಲೇ ಕೆಲಸ. ನನ್ನ ಕಿವಿ ಮಂದ, ಆದರೆ ಆ ಮಾತು ಮಾತ್ರ ಒಂದಕ್ಷರ ಬಿಡದೆ ಕೇಳಿಸಿತು.

ಬಳಿದವನು ನಾನು, ಶ್ಯಾಮಲಮ್ಮ. ಹೋದ ವರ್ಷದ ಆಯುಧ ಪೂಜೆಗೆ ಎರಡು ಕೋಟು ಬಳಿದೆ. ಈ ವರ್ಷ ಚೈತ್ರದಲ್ಲಿ ಮೋಟಾರ್ ವಾಪಸ್ ಬಂದಾಗ, ಉಳಿದ ಬಣ್ಣವನ್ನು ಸುಟ್ಟ ಕಲೆಗಳ ಮೇಲೆ ಮತ್ತೆ ಬಳಿದೆ. ಮಗುವಿಗೆ ಎಣ್ಣೆ ಹಚ್ಚಿ ತಿಕ್ಕುವ ಹಾಗೆ ತಿಕ್ಕಿ ತಿಕ್ಕಿ ಹೊಳೆಯಿಸಿದ್ದೆ. ಅದರ ಜ್ವರವನ್ನು ನನ್ನ ಕೈಯಾರೆ ಮುಚ್ಚಿಟ್ಟು, ನಿಮಗೆ ಜ್ವರ ಕಾಣಲಿಲ್ಲ ಎಂದು ಊರೆಲ್ಲ ಸಾರಿದೆ.

ನಿಮಗೆ ಅವತ್ತೇ ಗೊತ್ತಿತ್ತು. ಆ ಬುಧವಾರ ನೀವು ಸುಟ್ಟ ಮೋಟಾರಿನ ಮೈಯನ್ನು ಉಗುರಿನಿಂದ ಕೆರೆದಿರಿ. ಬೆರಳ ತುದಿ ಬೆಳ್ಳಗಾಯಿತು. ಅದನ್ನು ನೋಡಿಕೊಂಡಿರಿ, ತಲೆ ಎತ್ತಿ ನನ್ನನ್ನು ನೋಡಿದಿರಿ. ಸೆರಗಿಗೆ ಬೆರಳು ಒರೆಸಿಕೊಂಡು ಸುಮ್ಮನೆ ಹೊರಟಿರಿ. ಯಾಕಮ್ಮ ಹೇಳಲಿಲ್ಲ? ನಿಮ್ಮ ಮೂರೂ ಪತ್ರವನ್ನು ಮತ್ತೆ ಓದಿದೆ. 'ಕೆಲವು ಮೈಗಳು' ಎಂದಿದ್ದೀರಿ. 'ನಾನೊಬ್ಬಳೇ ಹೊಣೆ' ಎಂದಿದ್ದೀರಿ. ಬಣ್ಣ ಎನ್ನುವ ಒಂದು ಮಾತು ಎಲ್ಲೂ ಇಲ್ಲ. ಬೈದು ಬರೆದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಈಗ ಎಲ್ಲಿ ಇಟ್ಟುಕೊಳ್ಳಲಿ ಇದನ್ನು?

ಮೂರು ವಾರ ಹೊಟ್ಟೆಯೊಳಗೇ ಇಟ್ಟುಕೊಂಡು ತಿರುಗಿದೆ. ಮೊನ್ನೆ ಆಯುಧ ಪೂಜೆಯ ಮುಂಚಿನ ದಿನ ಉಪ್ಪುಕಾಗದ ಹಿಡಿದು ಮೋಟಾರಿನ ಬಣ್ಣ ಕೆರೆಯಲು ಕೂತೆ. ಶಿವುನನ್ನು ಕರೆದು ಎದುರಿಗೆ ಕೂರಿಸಿಕೊಂಡೆ. "ನಿನ್ನ ಕೈ ಸುಟ್ಟಿದ್ದು ನಾನು ಕಣೋ" ಎಂದು ಎಲ್ಲ ಹೇಳಿದೆ. ಅಳು ಬಂತು, ಅತ್ತೆ.

ಶಿವು, "ಭಾವ, ತೀರ್ಥಹಳ್ಳಿಯಿಂದ ಡಬ್ಬ ತಂದವ್ನು ನಾನಲ್ವಾ? ನೀವು ಹಸಿರು ತಾ ಅಂದಿದ್ರಿ. ಬೆಳ್ಳಿ ಚೆಂದ ಕಾಣುತ್ತೆ ಅಂತ ನಾನೇ ತಂದೆ. ಅವ್ರು ಬೈದ ದಿನದಿಂದ ನಿಮ್ಮ ಮುಖ ನೋಡೋಕಾಗ್ತಿಲ್ಲ ನಂಗೆ" ಅಂದ. ಎಡಗೈಯಲ್ಲಿ ಒಂದು ತುಂಡು ಉಪ್ಪುಕಾಗದ ತಗೊಂಡ. ಇಬ್ಬರೂ ಸಂಜೆಯವರೆಗೆ ಕೆರೆದೆವು. ಹಳೆಯ ಹಸಿರು ಬಣ್ಣ ಬಂತು.

ನಿಮ್ಮ ಹಳೆಯ ಸಾಹೇಬರಿಗೂ, ವಿಮೆಯವರಿಗೂ ನಡೆದದ್ದನ್ನು ಬರೆದು ಸಹಿ ಹಾಕಿ ಕಳಿಸಿದ್ದೇನೆ. ಗೌಡ್ರಿಗೂ ಹೇಳಿದೆ. ಚೀಲಕ್ಕೆ ಹಾಕಿದರೆ ಹಾಕಲಿ. ಟೀ ಅಂಗಡಿಯಲ್ಲಿ ಹೇಳುವುದು ಬಾಕಿಯಿತ್ತು, ಇವತ್ತು ಬೆಳಿಗ್ಗೆ ಅದನ್ನೂ ಮುಗಿಸಿದೆ. ಗಂಜಿ ಕುಡಿದವಳು ನೀವೇ ಎಂದು ಮಾಸ್ತಮ್ಮನಿಗೂ ಹೇಳಿದ್ದೇನೆ. "ಅಷ್ಟು ದೂರದಿಂದ ಬಂದ ಹುಡುಗಿಗೆ ಬರೀ ಗಂಜಿ ಕೊಟ್ಟೆನಲ್ಲ" ಎಂದಳು. ಬನ್ನಿ. ಕ್ಯಾಮರಾ ಇದ್ದರೆ ತನ್ನಿ, ಇಲ್ಲದಿದ್ದರೆ ಬರಿಗೈಯಲ್ಲಿ ಬನ್ನಿ.

ಪೂಜೆಯ ದಿನ ಮಾಸ್ತಮ್ಮನೇ ಬಂದು ಮೂರು ಬೊಟ್ಟು ಇಟ್ಟಳು. ಮೋಟಾರ್ ಎರಡು ಗಂಟೆ ಓಡಿದ ಮೇಲೆ ಹಿಂಗೈ ಇಟ್ಟು ಎಣಿಸಿದೆ, ಸರಿಯಾಗಿ ಹನ್ನೆರಡು. ಇನ್ನು ಮುಂದೆ ನೀನೂ ಕಲಿ ಎಂದು ಶಿವುಗೆ ಹೇಳಿದೆ. ಅವನು ಅಭ್ಯಾಸದ ಮೇಲೆ ಸುಟ್ಟ ಕಲೆಯ ಬಲಗೈಯನ್ನೇ ಇಟ್ಟ. ಜೋರಾಗಿ ಎಣಿಸಿದ. ಹನ್ನೆರಡಾಯಿತು, ಹದಿನೈದಾಯಿತು, ಇಪ್ಪತ್ತಾಯಿತು. ನಗುತ್ತಲೇ ಎಣಿಸುತ್ತಿದ್ದ. ಇಪ್ಪತ್ತಮೂರಕ್ಕೆ ನಾನೇ ಅವನ ಕೈ ಹಿಡಿದು ಎಳೆದೆ.

ಗಿರಿಯಪ್ಪ